ಎರಡನೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮನೆಯಲ್ಲಿ ಆಗಬೇಕಾದ ಮಾತು

(ಮಿದುಳು ಗಡ್ಡೆಯ ರೋಗಿಗಳ ಕುಟುಂಬದವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಿದುಳಿನ ಗಡ್ಡೆಗೆ ಮೊದಲ ಸಲ ಶಸ್ತ್ರಚಿಕಿತ್ಸೆ ಆಗುವಾಗ ಗಂಡನಿಗಾಗಲಿ ಹೆಂಡತಿಗಾಗಲಿ ಯೋಚಿಸಲು ಹೆಚ್ಚು ಸಮಯ ಸಿಗುವುದಿಲ್ಲ. ಫಿಟ್ಸ್ ಬಂತು, ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಆಂಬುಲೆನ್ಸ್ ಹತ್ತಿ ಬೆಂಗಳೂರಿಗೋ ಮಣಿಪಾಲಕ್ಕೋ ಹೋದೆವು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆವು. ಇಲ್ಲಿ ಕುಳಿತಿರುವ ಅನೇಕರ ಕಥೆ ಹೆಚ್ಚು ಕಡಿಮೆ ಹೀಗೆಯೇ ಇದ್ದೀತು. ಎರಡನೆಯ ಸಲ ಹಾಗಲ್ಲ. ಗಡ್ಡೆ ಮತ್ತೆ ಬಂದಿರುವುದು ಸಾಮಾನ್ಯವಾಗಿ ವಾಡಿಕೆಯ ಸ್ಕ್ಯಾನಿನಲ್ಲಿ, ರೋಗಿ ಚೆನ್ನಾಗಿಯೇ ಓಡಾಡಿಕೊಂಡು ಇರುವಾಗ ಗೊತ್ತಾಗುತ್ತದೆ. ನನ್ನ ಹೆಂಡತಿ ಆ ಹೊತ್ತಿಗೆ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು, ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ನನ್ನಷ್ಟೇ ಆರಾಮಾಗಿ ಬಂದಿದ್ದಳು. ಅಂಥವಳಿಗೆ ಮತ್ತೆ ತಲೆ ತೆರೆಯಬೇಕಾಗಬಹುದು ಎಂದು ವೈದ್ಯರು ಹೇಳಿದಾಗ, ಈ ಸಲ ನಮಗೆ ಯೋಚಿಸಲು ಸಮಯವಿದೆ ಎಂಬುದೇ ಎಲ್ಲಕ್ಕಿಂತ ಭಾರವಾದ ಸಂಗತಿಯಾಗಿತ್ತು. ಆ ಸಮಯವನ್ನು ಸಂಗಾತಿಯಾದವರು ಹೇಗೆ ಬಳಸಬೇಕು ಎಂಬುದನ್ನೇ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು, ಸುದ್ದಿ ತಿಳಿದ ಸಂಬಂಧಿಕರೆಲ್ಲ ಕೇಳುವ ಪ್ರಶ್ನೆಯೊಂದನ್ನು ಮುಗಿಸಿಬಿಡೋಣ. "ಮೊದಲನೇ ಸಲ ಪೂರ್ತಿ ತೆಗೆದಿರಲಿಲ್ಲವಾ?" ಎಂದು ಕೇಳುತ್ತಾರೆ. ಗ್ಲಯೋಮಾ ಎಂದು ಕರೆಯುವ ಗಡ್ಡೆಗಳು ಸುತ್ತ ಗೆರೆ ಎಳೆದಂತೆ ಒಂದೇ ಕಡೆ ಕುಳಿತಿರುವುದಿಲ್ಲ. ಅವುಗಳ ಜೀವಕೋಶಗಳು ಗರಿಕೆಯ ಬೇರಿನಂತೆ ಆರೋಗ್ಯವಾಗಿ ಕೆಲಸ ಮಾಡುತ್ತಿರುವ ಮಿದುಳಿನ ನಡುವೆಯೇ ಹರಡಿಕೊಂಡಿರುತ್ತವೆ. ಸ್ಕ್ಯಾನಿನಲ್ಲಿ ಕಾಣುವುದನ್ನೆಲ್ಲ ತೆಗೆದರೂ ಕಾಣದೆ ಇರುವುದು ಉಳಿಯುತ್ತದೆ, ಅದನ್ನೂ ತೆಗೆಯಲು ಹೊರಟರೆ ಮಾತು, ನಡಿಗೆ, ನೆನಪುಗಳನ್ನು ಕೂಡಿಯೇ ತೆಗೆಯಬೇಕಾಗುತ್ತದೆ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲದ ಗಡ್ಡೆಯಾದರೂ, ರಕ್ತನಾಳಕ್ಕೋ ನರಕ್ಕೋ ಅಂಟಿಕೊಂಡ ತುಣುಕನ್ನು ಬಿಡಬೇಕಾಗಿ ಬಂದಾಗ ಅದೂ ವರ್ಷಗಳ ನಂತರ ಮರಳಬಹುದು. ಆದ್ದರಿಂದ ಗಡ್ಡೆ ಮತ್ತೆ ಬಂತು ಎಂದರೆ ಮೊದಲ ವೈದ್ಯರು ಅರೆಬರೆ ಕೆಲಸ ಮಾಡಿದರು ಎಂದರ್ಥವಲ್ಲ. ರೋಗಿ ಮೊಬೈಲ್ ಹೆಚ್ಚು ನೋಡಿದರು, ತಲೆಗೆ ಎಣ್ಣೆ ಹಚ್ಚಲಿಲ್ಲ, ಪಥ್ಯ ಮುರಿದರು ಎಂದಂತೂ ಖಂಡಿತ ಅಲ್ಲ. ಈ ಕೊನೆಯ ಮಾತನ್ನು ರೋಗಿಯ ಕಿವಿಗೆ ಬೀಳುವ ಹಾಗೆ, ಮನೆಯ ಹಿರಿಯರ ಎದುರಿಗೆ, ಸಂಗಾತಿಯೇ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಇನ್ನೊಂದು ಸಂಗತಿ, ರೇಡಿಯೇಷನ್ ಆದವರ ಸ್ಕ್ಯಾನಿನಲ್ಲಿ ಹೊಸದಾಗಿ ಬೆಳ್ಳಗೆ ಕಾಣುವುದೆಲ್ಲ ಗಡ್ಡೆಯೇ ಆಗಿರಬೇಕೆಂದಿಲ್ಲ. ರೇಡಿಯೇಷನ್ನಿನಿಂದ ಸತ್ತ ಅಂಗಾಂಶವೂ ಹಾಗೆಯೇ ಕಾಣುತ್ತದೆ. ಚಿಕಿತ್ಸೆ ಮುಗಿದ ಮೊದಲ ಕೆಲವು ತಿಂಗಳುಗಳಲ್ಲಿ ಗಡ್ಡೆ ಬೆಳೆದಂತೆ ಭ್ರಮೆ ಹುಟ್ಟಿಸಿ ಆಮೇಲೆ ತಾನೇ ಇಳಿಯುವುದೂ ಉಂಟು. ಅದಕ್ಕಾಗಿಯೇ ವೈದ್ಯರು ರಕ್ತದ ಹರಿವನ್ನು ತೋರಿಸುವ ಪರ್ಫ್ಯೂಷನ್ ಎಂಆರ್‌ಐ, ಅಂಗಾಂಶದ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿ, ಕೆಲವೊಮ್ಮೆ ಪೆಟ್ ಸ್ಕ್ಯಾನ್ ಬರೆಯುತ್ತಾರೆ, ಇಲ್ಲವೆ ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಎನ್ನುತ್ತಾರೆ. ಹಾಗೆ ಕಾಯಿಸುವುದು ಅಸಡ್ಡೆಯಲ್ಲ. ಇಲ್ಲಿ ಸಂಗಾತಿಯ ಕೆಲಸ ಬಹಳ ಸಾಧಾರಣವಾದದ್ದು, ಆದರೆ ಅದನ್ನು ಬೇರೆ ಯಾರೂ ಮಾಡುವುದಿಲ್ಲ: ಹಳೆಯ ಸ್ಕ್ಯಾನುಗಳ ಸಿಡಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಡುವುದು. ಫಿಲ್ಮುಗಳು ಸಾಲುವುದಿಲ್ಲ, ಸಿಡಿಯೇ ಬೇಕು. ಈಗಿನದನ್ನು ಹಿಂದಿನ ಒಂದೇ ಒಂದು ಸ್ಕ್ಯಾನಿಗೆ ಹೋಲಿಸಿದರೆ ಬದಲಾವಣೆ ಕಾಣದೆ ಹೋಗಬಹುದು, ಮೂರು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಎದ್ದು ಕಾಣಬಹುದು. ಜೊತೆಗೆ ಮೊದಲ ಶಸ್ತ್ರಚಿಕಿತ್ಸೆಯ ಬಯಾಪ್ಸಿ ವರದಿ ಮಾತ್ರವಲ್ಲದೆ, ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕು, ಅಂದರೆ ಬ್ಲಾಕ್, ಯಾವ ಪ್ರಯೋಗಾಲಯದಲ್ಲಿದೆ ಎಂದು ತಿಳಿದುಕೊಂಡಿರಿ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮತ್ತು 2021ರ ವರ್ಗೀಕರಣಗಳ ನಂತರ ಗಡ್ಡೆಯ ಹೆಸರನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವ ರೂಪದ ಜೊತೆಗೆ ಐಡಿಎಚ್ ಮೊದಲಾದ ವಂಶವಾಹಿ ಪರೀಕ್ಷೆಗಳಿಂದಲೂ ನಿರ್ಧರಿಸುತ್ತಾರೆ. ಅದಕ್ಕೂ ಮೊದಲು ಶಸ್ತ್ರಚಿಕಿತ್ಸೆ ಆದವರ ಹಳೆಯ ವರದಿಯಲ್ಲಿ ಈ ವಿವರಗಳು ಇಲ್ಲದೆ ಇರಬಹುದು, ಹಳೆಯ ಬ್ಲಾಕಿನಿಂದ ಈಗಲೂ ಮಾಡಿಸಬಹುದು.

ಇದಿಷ್ಟೂ ಆದ ಮೇಲೆ ಗಡ್ಡೆಯೇ ಎಂದು ಖಚಿತವಾದರೆ, ಮುಂದಿರುವ ದಾರಿ ಒಂದೇ ಅಲ್ಲ. ಕಾದು ನೋಡಬಹುದು, ಔಷಧ ಕೊಡಬಹುದು, ಮತ್ತೆ ರೇಡಿಯೇಷನ್ ಸಾಧ್ಯವೇ ಎಂದು ಕೇಳಬಹುದು, ಶಸ್ತ್ರಚಿಕಿತ್ಸೆ ಮಾಡಿಸಬಹುದು. ಕಡಿಮೆ ದರ್ಜೆಯ, ಅಂದರೆ ನಿಧಾನವಾಗಿ ಬೆಳೆಯುವ ಗ್ಲಯೋಮಾ ಕಾಲಕ್ರಮದಲ್ಲಿ ವೇಗವಾಗಿ ಬೆಳೆಯುವ ಹೆಚ್ಚಿನ ದರ್ಜೆಗೆ ತಿರುಗಬಲ್ಲದಾದ್ದರಿಂದ, ಎರಡನೆಯ ಶಸ್ತ್ರಚಿಕಿತ್ಸೆಯ ಒಂದು ಉದ್ದೇಶ ಗಡ್ಡೆಯ ಗಾತ್ರ ಇಳಿಸುವುದಾದರೆ ಇನ್ನೊಂದು ಈಗ ಅದು ಯಾವ ದರ್ಜೆಯಲ್ಲಿದೆ ಎಂದು ತಿಳಿಯುವುದು. ಈ ಹಂತದಲ್ಲಿ ನಿಮ್ಮ ಮೊಬೈಲಿಗೆ ಹೊಸ ಮಾತ್ರೆಗಳ ಸುದ್ದಿಗಳು ಬರತೊಡಗುತ್ತವೆ. ನನಗೂ ಕೆಲವು ಬಗೆಯ ಗ್ಲಯೋಮಾಗಳಿಗೆ ಕೊಡುವ ವೊರಾಸಿಡೆನಿಬ್ ಎಂಬ ಮಾತ್ರೆಯ ಬಗ್ಗೆ ಹಲವರು ಕಳಿಸಿದರು. 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ನಿಜವೇ. ಆದರೆ ಅದನ್ನು ಮುಖ್ಯವಾಗಿ ಪರೀಕ್ಷಿಸಿದ್ದು ಶಸ್ತ್ರಚಿಕಿತ್ಸೆ ಬಿಟ್ಟು ರೇಡಿಯೇಷನ್ನನ್ನಾಗಲಿ ಕಿಮೋವನ್ನಾಗಲಿ ಪಡೆಯದೆ ಇದ್ದವರ ಮೇಲೆ. ನನ್ನ ಹೆಂಡತಿಗೆ ಮೊದಲೇ ರೇಡಿಯೇಷನ್ ಆಗಿತ್ತು. ಸುದ್ದಿ ಸತ್ಯವಾಗಿದ್ದರೂ ನಮ್ಮ ರೋಗಿಗೆ ಅನ್ವಯಿಸದೆ ಇರಬಹುದು ಎಂಬುದನ್ನು ವೈದ್ಯರ ಮುಂದೆ ಇಟ್ಟು ಕೇಳಿಯೇ ತಿಳಿಯಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನರಶಸ್ತ್ರಚಿಕಿತ್ಸಕರನ್ನು ನಾವು "ಎಷ್ಟು ತೆಗೆಯುತ್ತೀರಿ?" ಎಂದು ಕೇಳುತ್ತೇವೆ. ಒಳ್ಳೆಯ ಶಸ್ತ್ರಚಿಕಿತ್ಸಕರು ತಿರುಗಿ ಒಂದು ಪ್ರಶ್ನೆ ಕೇಳುತ್ತಾರೆ: "ಇವರಿಗೆ ಯಾವುದು ಇಲ್ಲದಿದ್ದರೆ ನಡೆಯುವುದಿಲ್ಲ?" ಹೆಚ್ಚು ತೆಗೆದರೆ ಹೆಚ್ಚು ವರ್ಷ ಸಿಗಬಹುದು, ಆದರೆ ಆ ಅಂಚಿನಲ್ಲಿ ಬಲಗೈಯ ಶಕ್ತಿಯೋ ಮಾತಿನ ಸರಾಗವೋ ಹೋಗಬಹುದು. ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಎಂಆರ್‌ಐ ಪೂರ್ತಿ ಉತ್ತರ ಕೊಡುವುದಿಲ್ಲ. ಅಕ್ಕಸಾಲಿಗನಿಗೆ ಬೆರಳು ಮುಖ್ಯ, ವಕೀಲನಿಗೆ ಮಾತು ಮುಖ್ಯ, ಬಸ್ ಚಾಲಕನಿಗೆ ಕಣ್ಣಿನ ಪಕ್ಕದ ನೋಟ ಮುಖ್ಯ. ನಾವಿಬ್ಬರೂ ಈ ಮಾತನ್ನು ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ, ಹಲವು ರಾತ್ರಿ ಆಡಿದೆವು. ಬರೆಯುವ ಕೈ ನಿಧಾನವಾದರೆ ತಡೆದುಕೊಳ್ಳುತ್ತೇನೆ, ಪಾಠ ಹೇಳುವಾಗ ಪದ ಸಿಗದೆ ನಿಲ್ಲುವ ಹಾಗಾದರೆ ತಡೆದುಕೊಳ್ಳಲಾರೆ ಎಂದು ಅವಳು ಹೇಳಿದಳು. ನಾನಾದರೆ ಇದಕ್ಕೆ ತಿರುವುಮುರುವಾಗಿ ಹೇಳುತ್ತಿದ್ದೆನೇನೋ. ಸಂಗಾತಿಯ ಪರವಾಗಿ ಉತ್ತರಿಸಲು ನಮಗೆಲ್ಲ ಗೊತ್ತಿದೆ ಎಂದುಕೊಳ್ಳುವುದು ಸುಲಭ, ಆದರೆ ಬಾಯಿಬಿಟ್ಟು ಕೇಳಿದಾಗ ಉತ್ತರ ಬೇರೆಯೇ ಇರುತ್ತದೆ.

ನಮ್ಮ ಕಡೆ ಈ ಮಾತು ಆಗದೆ ಹೋಗಲು ಒಂದು ಕಾರಣವಿದೆ. ಹೊರರೋಗಿ ವಿಭಾಗದಲ್ಲಿ ರೋಗಿ ಎದುರಿಗೇ ಕುಳಿತಿದ್ದರೂ ಮಾತೆಲ್ಲ ಅಟೆಂಡರ್ ಜೊತೆಗೆ ನಡೆಯುತ್ತದೆ, ರೋಗಿ ಹೆಂಗಸಾದರೆ ಇನ್ನೂ ಹೆಚ್ಚು. ಮನೆಯವರೂ ವೈದ್ಯರ ಕೋಣೆಗೆ ಮೊದಲು ಒಬ್ಬರೇ ನುಗ್ಗಿ "ಅವರಿಗೆ ಹೇಳಬೇಡಿ ಸರ್, ಧೈರ್ಯ ಕುಂದುತ್ತಾರೆ" ಎಂದು ಕೇಳಿಕೊಳ್ಳುತ್ತಾರೆ. ಆ ಕೋರಿಕೆಯ ಹಿಂದಿನ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯ ಸಲದ ರೋಗಿ ಒಮ್ಮೆ ಐಸಿಯು ಕಂಡವರು, ತಲೆ ಬೋಳಿಸಿಕೊಂಡವರು, ರೇಡಿಯೇಷನ್ನಿನ ಮುಖವಾಡದೊಳಗೆ ವಾರಗಟ್ಟಲೆ ಮಲಗಿ ಬಂದವರು. ಅವರಿಂದ ಮುಚ್ಚಿಡಲು ಉಳಿದಿರುವುದು ಬಹಳ ಕಡಿಮೆ. ಮುಚ್ಚಿಟ್ಟರೆ ಅವರು ಒಂಟಿಯಾಗುತ್ತಾರೆ, ಅಷ್ಟೇ. ವೈದ್ಯರು ನಿಮ್ಮ ಮುಖ ನೋಡಿ ಮಾತಾಡಿದರೆ "ಅವರನ್ನೇ ಕೇಳಿ ಡಾಕ್ಟ್ರೇ" ಎಂದು ಹೇಳಿ ಸುಮ್ಮನಾಗಿ. ಎರಡು ಮೂರು ಸಲ ಹಾಗೆ ಮಾಡಿದರೆ ಅಭ್ಯಾಸ ಬದಲಾಗುತ್ತದೆ.

ಇದೇ ರಾತ್ರಿಗಳಲ್ಲಿ ಇನ್ನೊಂದು ಮಾತೂ ಆಗಬೇಕು. ಶಸ್ತ್ರಚಿಕಿತ್ಸೆಯಲ್ಲಿ ಅನಾಹುತವಾಗಿ, ಮರಳುವ ಭರವಸೆಯಿಲ್ಲದೆ ಯಂತ್ರದ ಮೇಲೆ ಉಳಿಯುವ ಸ್ಥಿತಿ ಬಂದರೆ ಏನು ಬೇಕು, ಏನು ಬೇಡ ಎಂಬುದು. ಸುಪ್ರೀಂ ಕೋರ್ಟು 2018ರಲ್ಲಿ ಇಂಥ ಮುಂಗಡ ವೈದ್ಯಕೀಯ ಸೂಚನೆಗೆ ಮಾನ್ಯತೆ ಕೊಟ್ಟಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು; ಈಗ ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಅಪಶಕುನ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತಿನ ಕೇಂದ್ರದ ಪಕ್ಕದಲ್ಲಿ ಗಡ್ಡೆ ಇರುವವರ ಮನೆಯಲ್ಲಿ ಈ ಮಾತನ್ನು ಮುಂದೂಡಿದರೆ ಆಮೇಲೆ ಆಡಲು ಒಬ್ಬರಿಗೆ ಮಾತೇ ಇರದೆ ಹೋಗಬಹುದು ಎಂಬುದು ನನ್ನ ಉತ್ತರ.

ನನ್ನ ಹೆಂಡತಿಯ ಗಡ್ಡೆ ಎಡಭಾಗದ ಮುಂಮಿದುಳಿನಲ್ಲಿತ್ತು. ಮೊದಲ ಸಲ ಪೂರ್ತಿ ಅರಿವಳಿಕೆಯಲ್ಲಿ ಮಾಡಿದ್ದರು, ಎರಡನೆಯ ಸಲ ಎಚ್ಚರದಲ್ಲಿಯೇ ಮಾಡಬೇಕು ಎಂದರು. ಮಿದುಳಿಗೆ ನೋವಿನ ಸಂವೇದನೆ ಇಲ್ಲ. ತಲೆಯ ಚರ್ಮಕ್ಕೆ ಚುಚ್ಚುಮದ್ದು ಕೊಟ್ಟು ತೆರೆದ ಮೇಲೆ ರೋಗಿಯನ್ನು ಎಬ್ಬಿಸಿ, ಚಿತ್ರ ತೋರಿಸಿ ಹೆಸರು ಹೇಳಿಸುತ್ತ, ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ಸ್ಪರ್ಶ ಕೊಡುತ್ತಾರೆ. ಎಲ್ಲಿ ಮಾತು ತಡವರಿಸುತ್ತದೆಯೋ ಆ ಜಾಗವನ್ನು ಮುಟ್ಟುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರು ಕಳೆದ ಶತಮಾನದ ಮೊದಲ ಅರ್ಧದಲ್ಲೇ ಅಪಸ್ಮಾರದ ರೋಗಿಗಳಲ್ಲಿ ಈ ಕ್ರಮವನ್ನು ಬೆಳೆಸಿದರು. ಇಲ್ಲಿ ಸಂಗಾತಿಯ ಜ್ಞಾನ ನೇರವಾಗಿ ಶಸ್ತ್ರಚಿಕಿತ್ಸಾ ಕೋಣೆಗೆ ಹೋಗುತ್ತದೆ. ಅವಳ ತವರು ಪುತ್ತೂರಿನ ಕಡೆ, ಮನೆಮಾತು ತುಳು, ಪಾಠ ಕನ್ನಡದಲ್ಲಿ, ಶಾಲೆಯ ವರದಿಗಳು ಇಂಗ್ಲಿಷಿನಲ್ಲಿ. ಎರಡು ಭಾಷೆ ಬಲ್ಲವರಲ್ಲಿ ಒಂದೊಂದು ಭಾಷೆಗೆ ಸಂಬಂಧಿಸಿದ ಜಾಗಗಳು ಅಲ್ಪಸ್ವಲ್ಪ ಬೇರೆಯಾಗಿರುವುದುಂಟು, ಆದ್ದರಿಂದ ಯಾವ ಭಾಷೆಯನ್ನು ಪರೀಕ್ಷಿಸುತ್ತಾರೆ ಎಂಬುದು ಸಣ್ಣ ವಿಷಯವಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕುವುದು, ತಾಯಿಗೆ ಫೋನು ಮಾಡುವುದು, ಸಿಟ್ಟು ಬಂದಾಗ ಬಯ್ಯುವುದು ತುಳುವಿನಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ ಎಂದು ನಾನು ವಾಕ್ ಚಿಕಿತ್ಸಕಿಗೆ ಬರೆದುಕೊಟ್ಟೆ. ಹಿಂದಿನ ದಿನ ಚಿತ್ರಗಳನ್ನು ತೋರಿಸಿ, ರೋಗಿ ಸರಾಗವಾಗಿ ಹೆಸರಿಸಿದ ಚಿತ್ರಗಳನ್ನಷ್ಟೇ ಮರುದಿನಕ್ಕೆ ಇಟ್ಟುಕೊಳ್ಳುತ್ತಾರೆ. ಬೆಕ್ಕಿನ ಚಿತ್ರಕ್ಕೆ ಅವಳು "ಪುಚ್ಚೆ" ಎಂದರೆ ಅದು ತಪ್ಪಲ್ಲ, ಕಾಗೆಗೆ "ಕಕ್ಕೆ" ಎಂದರೂ ತಪ್ಪಲ್ಲ ಎಂದು ಆ ತಂಡಕ್ಕೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಸರಿ ಉತ್ತರವನ್ನೇ ತಡವರಿಕೆ ಎಂದು ತಿಳಿದು, ತೆಗೆಯಬಹುದಾಗಿದ್ದ ಗಡ್ಡೆಯನ್ನು ಅಲ್ಲಿಯೇ ಬಿಟ್ಟುಬಿಡುವ ಸಾಧ್ಯತೆಯಿದೆ. ಕೊಂಕಣಿ, ಉರ್ದು, ಲಂಬಾಣಿ, ಕೊಡವ ಮಾತಾಡುವ ಮನೆಗಳವರು ಇದನ್ನು ಗಮನದಲ್ಲಿಡಬೇಕು. ಮನೆಮಾತು ಯಾವುದು ಎಂದು ಆಸ್ಪತ್ರೆಯ ಫಾರಮ್ಮು ಕೇಳದಿದ್ದರೂ ನೀವೇ ಹೇಳಿ.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಾಯುವುದನ್ನು ಯಾರೂ ಯಾರಿಗೂ ಕಲಿಸಲಾರರು. ಆದರೆ ಎರಡನೆಯ ಸಲದ ವಿಶೇಷ ಅಪಾಯಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ. ರೇಡಿಯೇಷನ್ ಆದ ಚರ್ಮ ನಿಧಾನವಾಗಿ ಕೂಡಿಕೊಳ್ಳುತ್ತದೆ, ಹಳೆಯ ಗಾಯದ ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸೋಂಕು ತಗಲುವ ಮತ್ತು ಮಿದುಳಿನ ದ್ರವ ಸೋರುವ ಭಯ ಮೊದಲಿಗಿಂತ ಹೆಚ್ಚು. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದ್ದರೆ ಅದು ಗಾಯ ಮಾಯುವುದನ್ನು ತಡೆಯುವುದರಿಂದ ವಾರಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ಬೇರೆ ಆಸ್ಪತ್ರೆಯಲ್ಲಿ ಕೊಡಿಸಿದ್ದರೆ ಶಸ್ತ್ರಚಿಕಿತ್ಸಕರಿಗೆ ತಿಳಿಸುವ ಹೊಣೆ ನಿಮ್ಮದು. ಮನೆಗೆ ಬಂದ ಮೇಲೆ ದಿಂಬು ಒದ್ದೆಯಾಗಿದ್ದರೆ, ಗಾಯದ ಅಂಚು ಕೆಂಪಾಗಿದ್ದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ನಾಳೆ ನೋಡೋಣ ಎನ್ನಬೇಡಿ.

ಮುಂಮಿದುಳಿನ ಒಳಮಗ್ಗುಲಿನಲ್ಲಿ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರು ಮೊದಲ ದಿನಗಳಲ್ಲಿ ಮಾತನ್ನೇ ಆಡುವುದಿಲ್ಲ, ಎದುರು ಬದಿಯ ಕೈಕಾಲನ್ನು ಆಡಿಸುವುದಿಲ್ಲ. ಇದು ಪಾರ್ಶ್ವವಾಯುವಲ್ಲ; ಚಲನೆಯನ್ನು ಆರಂಭಿಸುವ ಭಾಗ ಪೆಟ್ಟು ತಿಂದು ಸುಮ್ಮನಾಗಿರುತ್ತದೆ, ಬಹುತೇಕ ಜನರಲ್ಲಿ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಮರಳುತ್ತದೆ. ನಮಗೆ ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಯಿತು. ಅಷ್ಟು ಹೊತ್ತಿಗೆ ಊರಿನಿಂದ ಬಳಗ ಬಂದಿಳಿಯಿತು. ತಲೆ ಆಪರೇಷನ್ ಆದವರ ಮಂಚದ ಬಳಿ ನಿಂತು ನಮ್ಮವರು ಮಾಡುವ ಮೊದಲ ಕೆಲಸ ಪರೀಕ್ಷೆ: "ನಾನು ಯಾರು ಹೇಳು ನೋಡೋಣ?" ಚಿಕ್ಕಮ್ಮ ಕೇಳುತ್ತಾರೆ, ಭಾವ ಕೇಳುತ್ತಾರೆ, ಪಕ್ಕದ ಮಂಚದ ಅಟೆಂಡರೂ ಬಂದು ಕೇಳುತ್ತಾರೆ. ಉತ್ತರ ಬಾರದಿದ್ದರೆ ಅಲ್ಲಿಯೇ ಸೆರಗು ಬಾಯಿಗೆ ಹಿಡಿಯುತ್ತಾರೆ. ರೋಗಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ಅರ್ಥವೂ ಆಗುತ್ತಿರುತ್ತದೆ. ಈ ಪ್ರಶ್ನೆಯನ್ನು ನಿಷೇಧಿಸುವ ಅಧಿಕಾರ ಸಂಗಾತಿಗೆ ಇದೆ, ನಿಷ್ಠುರವಾದರೂ ಅದನ್ನು ಚಲಾಯಿಸಿ. "ನಾನು ಚಿಕ್ಕಮ್ಮ ಬಂದಿದ್ದೇನೆ" ಎಂದು ಅವರೇ ಹೇಳಿ ಕುಳಿತುಕೊಳ್ಳಲಿ. ಪರೀಕ್ಷೆ ಮಾಡಲು ವಾರ್ಡಿನಲ್ಲಿ ವೈದ್ಯರಿದ್ದಾರೆ.

ಮನೆಗೆ ಬಂದ ನಂತರದ ಮೊದಲ ತಿಂಗಳುಗಳಲ್ಲಿ ದಾಂಪತ್ಯದ ಮೇಲೆ ಅತಿ ಹೆಚ್ಚು ಒತ್ತಡ ತರುವುದು ಮಾತ್ರೆಗಳು ಎಂದರೆ ನಿಮಗೆ ಅಚ್ಚರಿಯಾಗಬಹುದು. ಮಿದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ರಾತ್ರಿ ಎರಡು ಗಂಟೆಗೆ ಹಸಿವು ಹುಟ್ಟಿಸುತ್ತದೆ, ನಿದ್ದೆ ಕೆಡಿಸುತ್ತದೆ, ಸಕ್ಕರೆ ಏರಿಸುತ್ತದೆ, ಕಾರಣವಿಲ್ಲದೆ ಅಳಿಸುತ್ತದೆ. ತೊಡೆಯ ಸ್ನಾಯುಗಳನ್ನು ಸಡಿಲಗೊಳಿಸುವುದರಿಂದ ನೆಲದ ಮೇಲೆ ಕುಳಿತವರು ಏಳಲಾರರು, ನಾಡ ಶೌಚಾಲಯ ಇರುವ ಮನೆಯಲ್ಲಿ ಇದು ದೊಡ್ಡ ಕಷ್ಟ. ಕೊನೆಯ ಡೋಸನ್ನು ಸಂಜೆಗೆ ಮುಂಚೆಯೇ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಆದರೆ ತೊಂದರೆಯಾಯಿತೆಂದು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಆಗ ಮರೆತಿರುತ್ತದೆ. ಫಿಟ್ಸಿಗೆ ಕೊಡುವ ಲೆವಿಟಿರಾಸಿಟಮ್ ಕೆಲವರಲ್ಲಿ ಸಿಡುಕು ತರುತ್ತದೆ. ಎಂದೂ ದನಿ ಎತ್ತದವರು ತಟ್ಟೆ ತಳ್ಳುತ್ತಾರೆ. ಅದು ಔಷಧದ್ದೋ, ಗಡ್ಡೆಯ ಜಾಗದ್ದೋ, ಎರಡನೆಯ ಸಲವೂ ಹೀಗಾಯಿತಲ್ಲ ಎಂಬ ನ್ಯಾಯವಾದ ಕೋಪವೋ ಎಂದು ಬಿಡಿಸಿ ಹೇಳುವ ಶಕ್ತಿ ಮೊದಲಿನ ಮನುಷ್ಯನನ್ನು ಬಲ್ಲ ಸಂಗಾತಿಗೆ ಮಾತ್ರ ಇರುತ್ತದೆ. ಮಾತ್ರೆಯ ಪ್ರಮಾಣ ಬದಲಾದ ದಿನ, ಸಿಡುಕು ಬಂದ ದಿನ, ನಿದ್ದೆಗೆಟ್ಟ ದಿನ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. "ಇವಳು ಬದಲಾಗಿಬಿಟ್ಟಿದ್ದಾಳೆ" ಎಂದರೆ ವೈದ್ಯರು ಏನೂ ಮಾಡಲಾರರು, ಆ ಪುಸ್ತಕ ತೋರಿಸಿದರೆ ಔಷಧ ಬದಲಿಸುವ ಬಗ್ಗೆ ಯೋಚಿಸುತ್ತಾರೆ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಸ್ಪ್ರೇಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ.

ಒಂದು ಅಧ್ಯಯನದ ವಿಷಯ ಹೇಳಿ ಮುಂದುವರಿಯುತ್ತೇನೆ. ಮಿದುಳಿನ ಗಡ್ಡೆಯೂ ಸೇರಿದಂತೆ ಗಂಭೀರ ಕಾಯಿಲೆಯ 515 ರೋಗಿಗಳನ್ನು ಅಮೆರಿಕದ ಆಸ್ಪತ್ರೆಗಳಲ್ಲಿ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ರೋಗಿ ಗಂಡಸಾದಾಗ ದಾಂಪತ್ಯ ಮುರಿದದ್ದು ಶೇ. 2.9ರಷ್ಟು, ರೋಗಿ ಹೆಂಗಸಾದಾಗ ಶೇ. 20.8ರಷ್ಟು. ನಮ್ಮಲ್ಲಿ ವಿಚ್ಛೇದನದ ಅರ್ಜಿ ಬೀಳುವುದಿಲ್ಲ, ಬದಲಿಗೆ "ಸ್ವಲ್ಪ ದಿನ ತಾಯಿಮನೆಯಲ್ಲಿ ಇರಲಿ, ಅಲ್ಲಿ ನೋಡಿಕೊಳ್ಳುವವರಿದ್ದಾರೆ" ಎಂಬ ಮಾತು ಬರುತ್ತದೆ, ಆ ಸ್ವಲ್ಪ ದಿನ ಮುಗಿಯುವುದಿಲ್ಲ. ವಾರ್ಡಿನಲ್ಲಿ ಹೆಂಡತಿಗೆ ತಲೆ ಬಾಚುತ್ತಿದ್ದ ನನ್ನನ್ನು ನೋಡಿ ಪುಣ್ಯಾತ್ಮ ಎಂದವರು ಎಷ್ಟೋ ಜನ. ಅದೇ ವಾರ್ಡಿನಲ್ಲಿ ಗಂಡನ ಮಲಮೂತ್ರ ಬಳಿಯುತ್ತಿದ್ದ ಹೆಣ್ಣುಮಕ್ಕಳಿಗೆ ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಬಂದಿರುವ ಗಂಡಸರು ಇದನ್ನು ಯೋಚಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಹಾಗೆಯೇ, ಆರೈಕೆ ಮಾಡುವವರು ನರ್ಸ್ ಆಗಿಯೇ ಉಳಿದುಬಿಟ್ಟರೂ ದಾಂಪತ್ಯ ಸೊರಗುತ್ತದೆ. ಕೈ ನಡುಗಿದರೂ ಅವಳು ತನ್ನ ಅಡುಗೆಮನೆಗೆ ಮರಳಬೇಕೆಂದರೆ ಮರಳಲಿ, ಪಕ್ಕದಲ್ಲಿ ನಿಂತು ಬಿಸಿ ಪಾತ್ರೆ ಇಳಿಸಿಕೊಡಿ. ಮನೆಯ ಲೆಕ್ಕದ ಪುಸ್ತಕ ಅವರದಾಗಿದ್ದರೆ ತಪ್ಪಾದರೂ ಅವರದೇ ಆಗಿರಲಿ. ಒಂದೇ ಹಾಸಿಗೆಯಲ್ಲಿ ಮಲಗಬಹುದೇ ಎಂದು ಕೇಳಲು ಸಂಕೋಚಪಡುವ ದಂಪತಿಗಳು ಬಹಳ. ಕೇಳಿ, ವೈದ್ಯರಿಗೆ ಅದು ಹೊಸ ಪ್ರಶ್ನೆಯಲ್ಲ.

ಹಣದ ವಿಷಯ ಚಿಕ್ಕದಾಗಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ನೆರವಿದೆ. ದಾಖಲಾಗುವ ಮೊದಲೇ, ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕಂಡು ಪತ್ರಗಳನ್ನು ಸರಿಮಾಡಿಕೊಳ್ಳಿ. ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ವಿಭಾಗವೇ ಇದೆ. ಅಲ್ಲಿನವರು ಹಣದ ದಾರಿಯನ್ನೂ ಹೇಳುತ್ತಾರೆ, ನಿಮ್ಮ ನಿದ್ದೆಯ ಬಗ್ಗೆಯೂ ವಿಚಾರಿಸುತ್ತಾರೆ. ಅದಕ್ಕೂ ಉತ್ತರಿಸಿ.

ಮೂರನೆಯ ಸಲ ಬಂದರೆ ಏನು ಎಂದು ಕೆಲವರು ಚೀಟಿಯಲ್ಲಿ ಬರೆದು ಕೇಳಿದ್ದೀರಿ. ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಇದ್ದಾರೆ, ಬೇಡ ಎಂದು ಉಪಶಾಮಕ ಆರೈಕೆಯನ್ನು ಆರಿಸಿಕೊಂಡವರೂ ಇದ್ದಾರೆ, ಬೇಡ ಎಂದವರನ್ನು ಕೈಬಿಟ್ಟವರು ಎನ್ನುವುದು ಅನ್ಯಾಯ. ತಲೆನೋವು, ವಾಂತಿ, ಫಿಟ್ಸುಗಳನ್ನು ಹತೋಟಿಯಲ್ಲಿಡುವ ಆ ಆರೈಕೆಯನ್ನು ಚಿಕಿತ್ಸೆ ನಡೆಯುತ್ತಿರುವಾಗಲೇ ಪಡೆಯಬಹುದು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ನಮ್ಮ ಮಟ್ಟಿಗೆ, ಅವಳು ಈಗ ವಾರಕ್ಕೆ ಕೆಲವು ತರಗತಿಗಳನ್ನಷ್ಟೇ ತೆಗೆದುಕೊಳ್ಳುತ್ತಾಳೆ, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ನಡೆಯುತ್ತಿದೆ. ಇತ್ತೀಚೆಗೆ ಸ್ಕ್ಯಾನಿನ ವರದಿ ವೈದ್ಯರನ್ನು ಕಾಣುವ ಮೊದಲೇ ಅಟೆಂಡರ್‌ನ ಮೊಬೈಲಿಗೆ ಬಂದುಬಿಡುತ್ತದೆ, ಅರ್ಥವಾಗದ ಆ ಇಂಗ್ಲಿಷನ್ನು ರೈಲಿನಲ್ಲಿ ಓದಿ ಒದ್ದಾಡಿದವರನ್ನು ನಾನು ಬಲ್ಲೆ. ನಮ್ಮಲ್ಲಿ ಒಪ್ಪಂದವೆಂದರೆ ವರದಿ ಬರಬೇಕಾದದ್ದು ಅವಳ ನಂಬರಿಗೆ, ತೆರೆಯಬೇಕೋ ವೈದ್ಯರ ಕೋಣೆಯವರೆಗೆ ಹಾಗೆಯೇ ಇಡಬೇಕೋ ಎಂದು ಅವಳೇ ಹೇಳಬೇಕು. ಕಳೆದ ಸಲ ತೆರೆದಳು, ಅದರ ಹಿಂದಿನ ಸಲ ತೆರೆಯಲಿಲ್ಲ.